ಸಿದ್ದವ್ವ ಕೊಂಡಿ ಹಾಕಲಿಲ್ಲ

ನಮ್ಮ ಪಕ್ಕದ ಮನೆಯ ಸಿದ್ದವ್ವ ಒಳಗೆ ಕೂತು ಕೂಗಿದರೆ ಹೊರಗೆ ಮುದ್ದೇಬಿಹಾಳದ ಬಸ್ಸು ನಿಲ್ಲುತ್ತದೆ. ಅಂಥ ಬಾಯಿಯವಳು ಗಂಡನ ಸಂಗಡ ಮಾತು ಬಿಟ್ಟಳೆಂದರೆ ಓಣಿಗೆಲ್ಲ ಕಸಿವಿಸಿ. ಅವರ ಜಗಳ ಕೇಳದೆ ನನಗಂತೂ ಮುಂಜಾನೆಯ ಚಹಾ ರುಚಿಸಲಿಲ್ಲ.

ಗಂಡ ಮಡಿವಾಳಪ್ಪ ಇಳಕಲ್ ಸೀರೆ ನೇಯುತ್ತಾನೆ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಸಿದ್ದವ್ವ ಸಿಂದಗಿ ಕಡೆಯ ದೇವಣಗಾಂವದಿಂದ ಸೊಸೆಯಾಗಿ ಬಂದಾಗ ಮಗ್ಗ ಕಂಡವಳೇ ಅಲ್ಲ, ಕುಡಗೋಲು ಹಿಡಿದ ಕೈ. ಅತ್ತೆ ಕೈಮೇಲೆ ಹೊಡೆದು ಹೊಡೆದು ಕಲಿಸಿದಳು. ಈಗ ನೂಲು ಸುತ್ತುವುದು, ಗಂಜಿ ಹಾಕುವುದು ಎಲ್ಲ ಆಕೆಯದೇ. ಎಲ್ಲಕ್ಕಿಂತ ಹೆಚ್ಚಾಗಿ ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ನೂಲೇ ಬೇರೆ, ಸೆರಗಿನ ನೂಲೇ ಬೇರೆ. ನೇಯುವ ಮೊದಲು ಒಂದೊಂದು ಎಳೆಯನ್ನೂ ಇನ್ನೊಂದರ ಕುಣಿಕೆಗೆ ಸಿಕ್ಕಿಸಬೇಕು; ಅದೇ ಕೊಂಡಿ. ಒಬ್ಬರು ಎಳೆ ಹಿಡಿದು ಕೊಟ್ಟರೆ ಎದುರಿನವರು ಸಿಕ್ಕಿಸಬೇಕು. ಒಬ್ಬನೇ ಮಾಡುತ್ತೇನೆಂದರೆ ಬ್ರಹ್ಮನಿಂದಲೂ ಆಗದು.

ಈ ಸಲ ಮಡಿವಾಳಪ್ಪನಿಗೆ ಒಳ್ಳೆಯ ಗಿರಾಕಿ ಸಿಕ್ಕಿತ್ತು. ನೇಯ್ದವರಿಗೆ ನ್ಯಾಯವಾದ ಕೂಲಿ ಕೊಟ್ಟು, ಅವರ ಹೆಸರಿನ ಚೀಟಿಯನ್ನೂ ಸೀರೆಗೆ ಕಟ್ಟಿ ಮಾರುವ ಧಾರವಾಡದ ಸಂಸ್ಥೆ. ಅಲ್ಲಿಂದ ಬಂದ ಸುಜಾತಾ ಎಂಬ ಹುಡುಗಿ, "ಕಾಕಾ, ಈ ಮಗ್ಗದ ಕೆಲಸ ಯಾರ್ಯಾರು ಮಾಡ್ತೀರಿ?" ಎಂದು ಕೇಳಿದಳು. ಈ ಪುಣ್ಯಾತ್ಮ ನಾಚಿಕೊಂಡು, "ನಾನು, ಮತ್ತ ನಮ್ಮ ಮನಿಯವರು" ಎಂದ. ನಮ್ಮ ಕಡೆ ಗಂಡಸರು ಮೊಮ್ಮಕ್ಕಳಾದರೂ ಹೆಂಡತಿಯ ಹೆಸರು ಎತ್ತುವುದಿಲ್ಲ. 'ಏ', 'ಇಕಿ', ಅಷ್ಟೇ. ಅಚ್ಚಾಗಿ ಬಂದ ಚೀಟಿಯಲ್ಲಿ 'ಮಡಿವಾಳಪ್ಪ ಮತ್ತು ಮನೆಯವರು' ಎಂದಿತ್ತು. ಸಿದ್ದವ್ವನಿಗೆ ಅದನ್ನು ಓದಿ ಹೇಳಿದ ಪಾಪಿ ನಾನೇ.

ಅವತ್ತಿನಿಂದ ಮಾತಿಲ್ಲ, ಕತೆಯಿಲ್ಲ. ಹೊಸ ಸೀರೆಗೆ ಕೊಂಡಿ ಹಾಕುವ ದಿನ ಆಕೆ ಕಟ್ಟೆಯ ಮೇಲೆ ಕೂತು ಜೋಳ ಕೇರತೊಡಗಿದಳು.

"ಏ, ಬಾ ಇಲ್ಲೆ" ಎಂದು ಮಡಿವಾಳಪ್ಪ ಒಳಗಿನಿಂದ ಕರೆದ.

ಆಕೆ ನನ್ನ ಕಡೆ ತಿರುಗಿದಳು. "ಸುವರ್ಣಾ, ಮನಿಯವರನ್ನ ಕರ್ಕೊಳ್ಳಾಕ ಹೇಳು ಅವರಿಗೆ. ಚೀಟಿಯೊಳಗ ಹೆಸರಿದ್ದವರು ಬಂದು ಕೊಂಡಿ ಹಾಕ್ಲಿ. ನಾ ಯಾರಂತ?"

ಅಯ್ಯೋ ಪಾಪ ಎಂದು ನಾನೇ ಹೋಗಿ ಕೂತೆ. ನನಗೆ ಬಾಯಿ ಓಡಿದಷ್ಟು ಬೆರಳು ಓಡುವುದಿಲ್ಲ. ಅರ್ಧ ಎಳೆ ಹರಿದೆ, ಉಳಿದದ್ದು ಗಂಟಾಯಿತು.

"ಯವ್ವಾ, ನಿನಗ ಕೈ ಮುಗಿತೇನಿ, ಏಳು" ಎಂದ ಮಡಿವಾಳಪ್ಪ. ಧ್ವನಿ ಇಳಿಸಿ ಮುಂದುವರಿಸಿದ: "ಈ ಸೀರಿ ಹೊತ್ತಿಗೆ ಸರಿಯಾಗಿ ಹೋಗ್ಲಿಲ್ಲಂದ್ರ ಆರ್ಡರ್ ಕೈಬಿಡ್ತೈತಿ. ಮತ್ತ ಮೊದಲಿನಂಗ ಅರ್ಧ ಕೂಲಿಗೆ ಸಾವಕಾರನ ಮುಂದ ಕೈಕಟ್ಟಿ ನಿಂದ್ರಬೇಕು."

"ಹಂಗಾದ್ರ ಹೆಸರು ಹಿಡಿದು ಕರಿ, ಅಣ್ಣಾ. ಆಕಿಗೆ ಬೇಕಾಗಿದ್ದು ಅಷ್ಟ."

"ಏ, ಛೇ ಛೇ! ಮಂದಿ ಏನಂದಾರು?"

"ಮಂದಿ ಬಂದು ನಿನಗ ಕೊಂಡಿ ಹಾಕಿಕೊಡ್ತಾರೇನು?" ನನಗೆ ಸಿಟ್ಟು ನೆತ್ತಿಗೇರಿತ್ತು.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಸುಜಾತಾ. "ಕಾಕಾ, ಕೊಂಡಿ ಆತೇನ್ರಿ?"

ಮಡಿವಾಳಪ್ಪ ಕಟ್ಟೆಯ ಕಡೆ ನೋಡಿದ. ಹೊರಗೆ ಮೊರದ ಸಪ್ಪಳ ನಿಂತಿತು.

"ಆಗಿಲ್ಲವ್ವಾ. ಆ ಚೀಟಿ ತಪ್ಪೈತಿ. ನಾ ಹೇಳಿದ್ದ ತಪ್ಪು. ಹೆಸರು ಹೇಳ್ತೇನಿ, ಬರ್ಕೋ."

ಬರೀ ಹೆಸರು ಬಾಯಿಗೆ ಬಂದರೆ ತಾನೆ? ನಮ್ಮಲ್ಲಿ ಮದುವೆಯಲ್ಲಿ ಹೊಸ ಗಂಡಹೆಂಡಿರಿಂದ ಹೆಸರು ಹೇಳಿಸುವಾಗ ಪ್ರಾಸ ಕಟ್ಟಿ ಒಡಪು ಹಾಕಿಸುತ್ತಾರಲ್ಲ, ಹಾಗೆ ಇವನೂ ಕಣ್ಣು ಮುಚ್ಚಿ ಒದರಿಯೇಬಿಟ್ಟ:

"ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮಿ ನೂಲ,
ಸಿದ್ದವ್ವ ಕೈ ಹಚ್ಚಲಿಲ್ಲಂದ್ರ ಮಗ್ಗ ಬರೇ ಕೋಲ!"

ಓಣಿಗೆ ಓಣಿಯೇ ಹೋ ಎಂದಿತು. ಫೋನಿನಲ್ಲಿ ಆ ಹುಡುಗಿಯೂ ನಕ್ಕು, "ಬರ್ಕೊಂಡೆ, ಕಾಕಾ" ಎಂದಳು. ಮಡಿವಾಳಪ್ಪ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ.

ಸಿದ್ದವ್ವ ಮೊರ ಬದಿಗಿಟ್ಟು ಒಳಗೆ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಗಂಡನ ಎದುರು ಕೂತು ಎಳೆ ಹಿಡಿದಳು. ನಾಲ್ಕು ಮನೆಯಾಚೆ ಹಾಲು ಉಕ್ಕಿದರೂ ಕೇಳುವ ಕಿವಿ ಆಕೆಯದು.

"ಏನಂದ್ರಿ?" ಎಂದಳು ತಲೆಯೆತ್ತದೆ. "ನನಗ ಕೇಳಿಸ್ಲಿಲ್ಲ. ಇನ್ನೊಮ್ಮಿ ಹೇಳ್ರಿ."