ಶಾಂತವ್ವ ನೇಯ್ದ ಸೀರೆಯ ಕೂಲಿ

ಕೊರೊನಾ ಕಳೆದು ಮಗ್ಗಗಳು ಮತ್ತೆ ಸದ್ದು ಮಾಡತೊಡಗಿದ್ದ ಕಾಲ. ನಾನು ಇಳಕಲ್ಲಿನ ಒಂದು ಕೈಮಗ್ಗದ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದೆ. ಓದಿದ್ದು ಐದನೇ ಇಯತ್ತೆಯವರೆಗೆ. ಮುಗಿದ ಸೀರೆಯನ್ನು ಬೆಳಕಿಗೆ ಹಿಡಿದು, ಕೂಲಿ ಪೂರಾ ಕೊಡಬೇಕೋ ಮುರಿಯಬೇಕೋ ಎಂದು ಸಾವುಕಾರರಿಗೆ ಹೇಳುವುದು ನನ್ನ ಕೆಲಸ.

ನಮ್ಮ ಸೀರೆಯಲ್ಲಿ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿ ಸಡಿಲಾದರೆ ಸೀರೆ ಬಾಳುವುದಿಲ್ಲ. ಹೆಂಗಸರ ಕೊಂಡಿ ಸಡಿಲ ಎಂಬ ಮಾತು ಶೆಡ್ಡಿನಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೇ ಅವರ ಪ್ರತಿ ಸೀರೆಗೂ ನೂರೈವತ್ತು ರೂಪಾಯಿ ಕಡಿಮೆ. ನನ್ನ ತಂಗಿ ಶಾಂತವ್ವನಿಗೂ ಅಷ್ಟೇ. ಗಂಡ ತೀರಿಕೊಂಡ ಮೇಲೆ ನಾನೇ ಅವಳನ್ನು ಅಲ್ಲಿ ಮಗ್ಗಕ್ಕೆ ಕೂಡಿಸಿದ್ದೆ.

ಒಂದು ದಿನ ಅವಳು, "ಯಣ್ಣಾ, ನನ್ನ ಕೊಂಡಿ ಎಲ್ಲಿ ಸಡ್ಲ ಆಗೇತಿ, ಬೆರಳಿಟ್ಟು ತೋರ್ಸು," ಎಂದಳು.

"ತೋರ್ಸಾಕ ಇದು ಸಾಲಿ ಏನ? ಸುಮ್ನ ನೇಯಿ," ಎಂದೆ.

ಮುಂದಿನ ವಾರ, ಪಕ್ಕದ ಮಗ್ಗದ ಬಸಪ್ಪ ನೇಯುವ ಸೀರೆಯ ಬಣ್ಣವೇ ತನಗೂ ಬೇಕೆಂದಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಇಬ್ಬರೂ ಪಿಸುಗುಟ್ಟುವರು, ನಾನು ಹತ್ತಿರ ಹೋದರೆ ಮಾತು ಬಿಟ್ಟು ಲಾಳಿ ಹೊಡೆದು ನೇಯತೊಡಗುವರು. ನನ್ನ ತಲೆಗೆ ಸಂಶಯದ ಹುಳ ಹೊಕ್ಕಿತು. ಸ್ಟೂಲನ್ನು ಅವರ ಮಗ್ಗ ಕಾಣುವಲ್ಲಿಗೆ ಎಳೆದುಕೊಂಡೆ. ಮನೆಯಲ್ಲಿ ಹೆಂಡತಿಗೆ, "ಶಾಂತವ್ವನ ಮ್ಯಾಲ ಒಂದ್ ಕಣ್ಣಿಡು," ಎಂದೆ.

"ನಿಮ್ಮವು ಎಲ್ಡ್ ಕಣ್ಣು ಸಾಲಂಗಿಲ್ಲೇನು?" ಎಂದಳು ಅವಳು.

ಶನಿವಾರ ಸಾವುಕಾರರ ಮುಂದೆ ಸೀರೆಗಳು ಬಂದವು. ಶಾಂತವ್ವ ತಂದದ್ದನ್ನು ಹಿಡಿದು, "ಸಡ್ಲ," ಎಂದೆ. ಬಸಪ್ಪ ತಂದದ್ದಕ್ಕೆ, "ಗಟ್ಟಿ. ಪೂರಾ ಕೂಲಿ."

ಬಸಪ್ಪ ನಕ್ಕುಬಿಟ್ಟ. "ಲೇ ಮೇಸ್ತ್ರಿ, ನೀ ಸಡ್ಲ ಅಂದಿದ್ದು ನಂದಲೇ! ಗಟ್ಟಿ ಅಂದಿದ್ದು ನಿನ್ನ ತಂಗೀದು."

ಮಗ್ಗಗಳೆಲ್ಲ ನಿಂತವು. ಶಾಂತವ್ವ ಸೆರಗು ಸರಿಮಾಡಿಕೊಂಡು, "ಸಾವ್ಕಾರ್ರ, ಬಸಪ್ಪಗ ಕೊಡೂವಷ್ಟ ನಮಗೂ ಕೊಡ್ರಿ," ಎಂದಳು.

ಸಾವುಕಾರರು ನನ್ನ ಕಡೆ ತಿರುಗಿದರು. "ಏನಂತೀ ಮೇಸ್ತ್ರಿ?"

ಎರಡೂ ಸೀರೆಗಳ ಕೊಂಡಿಗಳು ಗಟ್ಟಿಯಾಗಿದ್ದವು. ನಾನು ನೋಡಿದ್ದು ತಂದ ಕೈಯನ್ನು ಮಾತ್ರ. ಹಾಗೆಂದು ಒಪ್ಪಿದ್ದರೆ ಎಲ್ಲ ಹೆಂಗಸರಿಗೂ ಪೂರಾ ಕೂಲಿ ಸಿಗುತ್ತಿತ್ತು. ಆದರೆ ನನ್ನ ಕೆಲಸ ಹೋಗುತ್ತದೆ ಎಂದು ಹೆದರಿದೆ.

"ಇಬ್ರೂ ಕೂಡಿ ಮೋಸ ಮಾಡ್ಯಾರ್ರಿ," ಎಂದೆ. ಅಲ್ಲಿಗೇ ಬಾಯಿ ಮುಚ್ಚಲಿಲ್ಲ. "ಅವರ ನಡುವ ಇನ್ನೂ ಏನೇನ ನಡದೈತೋ ಯಾರಿಗ್ಗೊತ್ರಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಬಸಪ್ಪನಿಗೆ ಬೈಗುಳವಷ್ಟೇ ಸಿಕ್ಕಿತು, ಮಗ್ಗ ಉಳಿಯಿತು. ಶಾಂತವ್ವನನ್ನು ಕೆಲಸದಿಂದ ಬಿಡಿಸಿದರು. ಅವಳು ತನ್ನ ಲಾಳಿ ತೆಗೆದುಕೊಂಡು, ನನ್ನತ್ತ ನೋಡದೆ ಹೊರಟುಹೋದಳು.

ಈಗ ದಿನಾ ಬಸ್ಸು ಹತ್ತಿ ಹುನಗುಂದಕ್ಕೆ ಹೋಗಿ ನೇಯುತ್ತಾಳೆ. ಅಲ್ಲಿ ಗಂಡಸರಷ್ಟೇ ಕೂಲಿಯಂತೆ. ಹೋದ ವರ್ಷ ತಪ್ಪಾಯಿತೆಂದು ಹೇಳಲು ಅವಳ ಮನೆಗೆ ಹೋದೆ. ಚಹಾ ಕೊಟ್ಟು ಎದುರಿಗೆ ಕುಳಿತಳು.

"ಕೂಲಿ ಮುರದದ್ದು ಮರ್ತೇನಿ ಯಣ್ಣಾ. ಕಡೀಕೊಂದ್ ಮಾತಂದೆಲ್ಲ, ಅದನ್ನ ಹೆಂಗ ಮರೀಲಿ?"

ಸಂಶಯ ಪಡುವುದೇ ಮೇಸ್ತ್ರಿಯ ಕೆಲಸ ಎಂದುಕೊಂಡಿದ್ದೆ. ನೇಯ್ಗೆಯ ಮೇಲೆ ಪಡಬೇಕಾದ ಸಂಶಯವನ್ನು ನೇಯುವವರ ಮೇಲೆ ಪಟ್ಟೆ. ಈಗ ಹೆಂಗಸರ ಸೀರೆಗೂ "ಪೂರಾ ಕೂಲಿ" ಎನ್ನುತ್ತೇನೆ. ಸಾವುಕಾರರು ಈಗ ನನ್ನನ್ನೇ ಸಂಶಯದಿಂದ ನೋಡಿ, ನೂರೈವತ್ತು ಮುರಿದೇ ಕೊಡುತ್ತಾರೆ. ನನ್ನ ಮಾತು ನಡೆಯುತ್ತಿದ್ದ ದಿನ ನಾನು ಅದನ್ನು ಆಡಲಿಲ್ಲ.