ಬ್ಯಾರಿಕೇಡ್ ಮೇಲೆ ನಿಶ್ಮಿತಾ

ಪಿ.ಆರ್. ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ನಗುಮುಖ ಎಂದು ಸಂದರ್ಶನದಲ್ಲಿ ಹೇಳಿದ್ದರು. ನನಗೆ ಅದಿತ್ತು. ಹೆದರಿದಾಗಲೂ ನನ್ನ ಮುಖ ತಾನಾಗಿ ನಗುತ್ತದೆ. ಆ ಒಂದೇ ಅರ್ಹತೆಯಿಂದ ಮುಂಬೈಯಲ್ಲಿ, ಅಂಧೇರಿಯ ಕಂಪನಿಯೊಂದರಲ್ಲಿ ಟ್ರೇನಿಯಾದೆ.

ನಿಶ್ಮಿತಾ ನನ್ನ ಜೊತೆಗೇ ಸೇರಿದವಳು. ಅವಳ ಅಪ್ಪ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವವರು. ಊಟದ ಹೊತ್ತಿಗೆ ಆಫೀಸಿನವರು ಕುರ್ಚಿಗಾಗಿ ಒಬ್ಬರ ಮೈಮೇಲೊಬ್ಬರು ಬೀಳುವುದನ್ನು ನೋಡುತ್ತಲೇ ಅವಳು ಬೆಳೆದಿದ್ದಳು. ಹಾಗಾಗಿ ಜನ ಸೇರುವ ಕೆಲಸವೆಲ್ಲ ಅವಳ ಪಾಲಿಗೆ, ಪ್ರೆಸ್ ನೋಟ್ ನನ್ನ ಪಾಲಿಗೆ. ನಮ್ಮಲ್ಲಿ ಅದನ್ನು ಹಿಂದಿನ ದಿನವೇ ಬರೆದಿಡುತ್ತೇವೆ. ನಾಳೆ ಜನ ಎಷ್ಟು ಸಂತೋಷಪಟ್ಟರು ಎಂಬುದನ್ನು ಇವತ್ತೇ ತೀರ್ಮಾನಿಸುವ ಅಧಿಕಾರ ನನ್ನಂಥವನ ಕೈಯಲ್ಲಿತ್ತು.

ಅವಳ ಪ್ರೊಬೇಷನ್ ಮುಗಿಯುವ ಹೊತ್ತಿಗೆ ಭಾಂಡುಪ್‌ನ ಮಾಲೊಂದರಲ್ಲಿ ಜಿಮ್ ಉದ್ಘಾಟನೆ ಬಂತು. ರಿಬ್ಬನ್ ಕತ್ತರಿಸಲು ಒಬ್ಬ ಸಿನಿಮಾ ಹೀರೋ, ಅಭಿಮಾನಿಗಳ ಬಾಯಲ್ಲಿ 'ಭಾಯ್'. ನಮ್ಮ ಬಾಸ್ ಹಿತೇಶ್‌ಗೆ ರಿಬ್ಬನ್ ಸಾಲಲಿಲ್ಲ, ವೈರಲ್ ವಿಡಿಯೋ ಬೇಕಿತ್ತು. ಬಾಡಿಗೆ ಅಭಿಮಾನಿಗಳು ಬ್ಯಾರಿಕೇಡ್ ದಾಟಿ ನುಗ್ಗಬೇಕು, ಬೌನ್ಸರ್‌ಗಳು ತಳ್ಳಬೇಕು, ಹೀರೋ ಅಡ್ಡ ಬಂದು ಒಬ್ಬನನ್ನು ತಬ್ಬಿಕೊಳ್ಳಬೇಕು. ಬಾಡಿಗೆಯವರಿಗೆ ಪೆಟ್ಟಾಗಬಾರದಲ್ಲ, ಗುರುತಿಗೆ ಅವರ ಕೈಗೊಂದು ಹಳದಿ ಕರವಸ್ತ್ರ. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ನನ್ನ ತಲೆ ಸ್ವಲ್ಪ ಹೆಚ್ಚೇ ಆಡಿತು.

ಬೌನ್ಸರ್‌ಗಳ ಮುಖ್ಯಸ್ಥ ಶರಣಬಸಪ್ಪ, ಕಲಬುರಗಿ ಕಡೆಯವನು, ಬಾಗಿಲಿಗೆ ನಿಂತರೆ ಬೆಳಕು ಬಾರದಂಥ ಆಳು.

"ಅಕ್ಕಾರ, ಹಳದಿ ಇದ್ದವರಿಗಿ ಕೈ ಹಚ್ಚಂಗಿಲ್ಲ, ಹೌದಿಲ್ರಿ?"

"ಹಚ್ಚಿ ಮಾರಾಯ್ರೆ, ಬಟ್ ಸ್ವಲ್ಪ ಪ್ರೀತಿಯಲ್ಲಿ ದೂಡಿ," ಎಂದಳು ನಿಶ್ಮಿತಾ.

"ಪ್ರೀತಿಲಿಂದ ನೂಕದು ನಾ ಕಲ್ತಿಲ್ರಿ. ನೋಡ್ತೀನಿ."

ನಮ್ಮದೇ ಆಫೀಸಿನಲ್ಲಿ, ನಮ್ಮ ಪಕ್ಕದ ಟೇಬಲ್ಲಿನಲ್ಲಿ ಸೋಷಿಯಲ್ ಮೀಡಿಯಾದವರು ಕೂರುತ್ತಾರೆ. ಅವರು ಒಂದು ಪೋಸ್ಟ್ ಹಾಕಿದ್ದರು: ಅಸಲಿ ಅಭಿಮಾನಿಗಳೆಲ್ಲ ಹಳದಿ ತೊಟ್ಟು ಬನ್ನಿ. ನಮಗೆ ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ, ಅವರನ್ನು ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಹೀರೋ ಕಾರಿನಿಂದ ಇಳಿದಾಗ ಮಾಲಿನ ಮುಂದೆ ಕಣ್ಣು ಹಾಯಿಸಿದಷ್ಟೂ ಹಳದಿಯೇ.

ಅಷ್ಟೂ ಜನ ನುಗ್ಗಿದರು. ಬೌನ್ಸರ್‌ಗಳು ಪ್ರೀತಿಯಿಂದ ತಳ್ಳಿದರು. ಬ್ಯಾರಿಕೇಡ್ ಮಗುಚಿ ಬಿದ್ದು, ಅದರಡಿ ಸಿಕ್ಕ ಕೈಗಳ ಮೇಲೆ ಬೂಟುಗಳು ಓಡಿದವು. ಒಬ್ಬ ಕ್ಯಾಮೆರಾದವನ ಮುಖ ಗಾಜಿನ ಬಾಗಿಲಿಗೆ ಬಡಿದು, ಗಾಜು ಒಡೆದು, ಒಂದು ಚೂರು ನಿಶ್ಮಿತಾಳ ಹಣೆ ಸೀಳಿತು. ನಾನು ಕುಂಡದಲ್ಲಿಟ್ಟ ಪ್ಲಾಸ್ಟಿಕ್ ತಾಳೆಗಿಡದ ಹಿಂದೆ ನಗುತ್ತ ನಿಂತಿದ್ದೆ.

ಹೀರೋನನ್ನು ತಬ್ಬಿಕೊಳ್ಳಲು ಮುಂದೆ ಬಂದ ಅಸಲಿ ಅಭಿಮಾನಿ ಹುಡುಗನ ಹೆಸರು ಮನೀಶ್. ಹೀರೋ ಹೆದರಿಬಿಟ್ಟಿದ್ದ. ಮೊಣಕೈ ಬೀಸಿದ. ಮೂಗು ಮುರಿದ ಸದ್ದು ಗಿಡದ ಹಿಂದೆ ನನಗೂ ಕೇಳಿಸಿತು. ಬಿದ್ದವನ ಪಕ್ಕೆಗೆ ಒಂದು ಒದೆಯನ್ನೂ ಕೊಟ್ಟು ಹೀರೋ ಒಳಗೆ ಓಡಿದ. ತುಳಿತಕ್ಕೆ ಸಿಗದಿರಲೆಂದು ಶರಣಬಸಪ್ಪ ಮನೀಶನ ಮೇಲೆ ಬಾಗಿದ. ಅಲ್ಲಿದ್ದ ಮೊಬೈಲ್‌ಗಳಿಗೆಲ್ಲ ಸಿಕ್ಕಿದ್ದು ಆ ಅಗಲವಾದ ಬೆನ್ನು ಮತ್ತು ಅದರಡಿಯ ರಕ್ತ ಮಾತ್ರ.

"ಮಾರೋ ಬೌನ್ಸರ್ ಕೋ! ಅವನೇ ಹೊಡೆದದ್ದು!" ಎಂದು ಗುಂಪು ಕೂಗತೊಡಗಿತು. ಉಳಿದ ಗಾಜಿಗೆ ಕಲ್ಲು ಬಿತ್ತು. ಕೆಲವರು ಬ್ಯಾರಿಕೇಡಿನ ಪೈಪು ಕಿತ್ತುಕೊಂಡರು. ನಾವು ಶರಣಬಸಪ್ಪನನ್ನು ಒಳಗೆಳೆದು ಶಟರ್ ಹಾಕಿದೆವು. ಮನೀಶ್ ಹೊರಗೇ ಉಳಿದ.

ಹಿತೇಶ್ ಆಗಲೇ ನನಗೆ ಹಿಂದಿಯಲ್ಲಿ ಹೇಳಿ ಟೈಪ್ ಮಾಡಿಸುತ್ತಿದ್ದ. "ಗುತ್ತಿಗೆ ಬೌನ್ಸರ್‌ನಿಂದ ಹಲ್ಲೆ. ಹೀರೋಗೆ ತೀವ್ರ ನೋವು. ಪ್ರತ್ಯಕ್ಷದರ್ಶಿ ನಿಶ್ಮಿತಾ ಹೇಳಿದರು... ಬರಿ. ಇವನನ್ನ ಮುಂದಿನ ಬಾಗಿಲಿಂದ ಕಳಿಸಿ. ಕ್ಯಾಮೆರಾ ಮುಂದೆ ಸಾರಿ ಕೇಳಲಿ, ಮುಗೀತು."

"ಸರ್, ಹೊರಗೆ ಹೋದ್ರೆ ಇವರನ್ನು ಕೊಲ್ತಾರೆ," ಎಂದಳು ನಿಶ್ಮಿತಾ.

"ಸೋಮವಾರ ನಿನ್ನ ಕನ್ಫರ್ಮೇಷನ್ ಅಲ್ವಾ?"

ಶರಣಬಸಪ್ಪ ನೆಲದ ಮೇಲೆ ಕುಳಿತಿದ್ದ. "ಅಕ್ಕಾರ, ನಾ ಹೊಡ್ದಿಲ್ರಿ. ನೀವ್ ನೋಡೀರಲ್ಲ."

"ನೋಡಿದ್ದೇನೆ."

"ಮತ್ತ ಹೇಳ್ರಿ ಅವ್ರಿಗಿ."

ಅವಳು ಮೈಕ್ ತೆಗೆದುಕೊಂಡು, ಶಟರ್ ಸೊಂಟದೆತ್ತರ ಎತ್ತಿ, ನುಸುಳಿ ಹೊರಗೆ ಹೋದಳು. ಅರ್ಧ ಬಿದ್ದಿದ್ದ ಇನ್ನೊಂದು ಬ್ಯಾರಿಕೇಡ್ ಹತ್ತಿ ಹಿಂದಿಯಲ್ಲಿ ಕೂಗಿದಳು: "ಬೌನ್ಸರ್ ಹೊಡೆದಿಲ್ಲ. ಹೊಡೆದದ್ದು ನಿಮ್ಮ ಹೀರೋ. ನಾನು ಪಕ್ಕದಲ್ಲೇ ಇದ್ದೆ."

ನಾನು 'ನಿಶ್ಮಿತಾ ಹೇಳಿದರು' ಎಂಬಲ್ಲಿಗೆ ಟೈಪಿಂಗ್ ನಿಲ್ಲಿಸಿದೆ.

ಅಭಿಮಾನಿಗಳ ಎದುರು ಹೀರೋನನ್ನೇ ಬೈದರೆ ಏನಾಗುತ್ತದೋ ಅದೇ ಆಯಿತು. ತುಂಬಿದ ನೀರಿನ ಬಾಟಲಿ ಬಂದು ಅವಳ ಬಾಯಿಗೆ ಬಡಿಯಿತು. ಯಾರೋ ಜುಟ್ಟು ಹಿಡಿದು ಕೆಳಗೆಳೆದರು, ಯಾರೋ ಹೊಟ್ಟೆಗೆ ಒದ್ದರು. ಶರಣಬಸಪ್ಪ ಶಟರನ್ನು ಭುಜದಿಂದಲೇ ಎತ್ತಿ ಹೊರಗೆ ಹಾರಿದ. ಈ ಸಲ ಪ್ರೀತಿಗೀತಿ ಇರಲಿಲ್ಲ. ಸಿಕ್ಕವರನ್ನು ಎತ್ತಿ ಎಸೆದು, ಅವಳ ಮೇಲೆ ಕವುಚಿ ಬಿದ್ದ. ಪೈಪು ಅವನ ಭುಜದ ಮೇಲೆ ಬಿತ್ತು. ಮತ್ತೆ ಬಿತ್ತು. ಮೂಳೆ ಲಟಕ್ಕೆಂದಿತು.

"ರುಕೋ!" ಎಂಬ ಕಿರುಚಾಟ ಕೇಳಿತು. ಮನೀಶ್. ಮುಖವೆಲ್ಲ ರಕ್ತ, ಮೂಗು ಒಂದು ಕೆನ್ನೆಯ ಕಡೆ ವಾಲಿತ್ತು.

"ಈ ದಡಿಯ ಯಾವನು ನನ್ನನ್ನ ಹೊಡೆಯೋಕೆ? ಭಾಯ್ ನೇ ಮಾರಾ! ಭಾಯ್ ಕೈಯಿಂದಲೇ ಬಿದ್ದದ್ದು ನನಗೆ!"

ಪೈಪು ಹಿಡಿದವನು ನಿಂತ. "ಸಚ್?"

"ಮಾ ಕಸಮ್. ಲಾತ್ ಭೀ ಮಾರಾ! ಒದ್ದದ್ದೂ ಭಾಯೇ!" ಅವನು ಅಂಗಿ ಎತ್ತಿ ಪಕ್ಕೆಯ ಮೇಲಿನ ಬೂಟಿನ ಅಚ್ಚನ್ನು ಸುತ್ತ ತಿರುಗಿ ಎಲ್ಲರಿಗೂ ತೋರಿಸಿದ.

ಗುಂಪು ತಣ್ಣಗಾಯಿತು. ಪಶ್ಚಾತ್ತಾಪದಿಂದಲ್ಲ, ಹೊಟ್ಟೆಕಿಚ್ಚಿನಿಂದ. ಪೈಪು ಬಿಸಾಡಿ ಅವನೊಂದಿಗೆ ಸೆಲ್ಫಿಗೆ ಮುಗಿಬಿದ್ದರು. ಒಬ್ಬನಂತೂ ಆ ಅಚ್ಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಹಿತೇಶ್ ಒಳಗಿನಿಂದ ಓಡಿಬಂದ. "ಫೆಂಟಾಸ್ಟಿಕ್! ನಿಶ್ಮಿತಾ, ಇವನ ಹೇಳಿಕೆ ತಗೋ, ಇದೇ ಭಾವನೆ ಬೇಕು. ನಿನ್ನ ಕನ್ಫರ್ಮೇಷನ್ ಇವತ್ತೇ!" ಎನ್ನುತ್ತ ಮನೀಶನ ತೋಳು ಹಿಡಿದು ಕ್ಯಾಮೆರಾದ ಕಡೆಗೆ ಎಳೆದ.

ನಿಶ್ಮಿತಾ ಎದ್ದಳು. ರಕ್ತ ಉಗುಳಿದಳು. ಜೊತೆಗೆ ಹಲ್ಲೂ ಬಿತ್ತು. ಮೈಕ್ ಎತ್ತಿ ಹಿತೇಶನ ಮಣಿಕಟ್ಟಿಗೆ ಬಾರಿಸಿದಳು. ಮೈಕ್ ಆನ್ ಇದ್ದುದರಿಂದ ಆ ಏಟು ಸ್ಪೀಕರಿನಲ್ಲಿ ಇಡೀ ಮಾಲಿಗೆ ಕೇಳಿಸಿತು.

"ಫಸ್ಟ್ ಡಾಕ್ಟರ್," ಎಂದಳು.

ಶರಣಬಸಪ್ಪ, ಮನೀಶ್ ಇಬ್ಬರನ್ನೂ ರಿಕ್ಷಾಕ್ಕೆ ಹತ್ತಿಸಿದಳು. "ಹೋದರೆ ಸೋಮವಾರ ಬರಬೇಡ!" ಎಂದು ಹಿತೇಶ್ ತನ್ನ ಪೆಟ್ಟಾದ ಕೈ ಹಿಡಿದುಕೊಂಡು ಕಿರುಚಿದ. ಅವಳೂ ಹತ್ತಿದಳು. ನಾನು ರಿಕ್ಷಾದೊಳಗೆ ಒಂದು ಕಾಲಿಟ್ಟೆ. ನಾಲ್ವರು ಆಗುವುದಿಲ್ಲ ಎಂದ ಚಾಲಕ. ಆ ಪುಣ್ಯಾತ್ಮನಿಗೆ ಥ್ಯಾಂಕ್ಸ್ ಹೇಳಿ ಕಾಲು ಹೊರಗೆ ತೆಗೆದೆ. ನಗುಮುಖ ಹಾಗೇ ಇತ್ತು.

ಸೋಮವಾರ ಅವಳು ಬರಲಿಲ್ಲ. ಹಲ್ಲೆ ಕೇಸಿನಲ್ಲಿ ಪೊಲೀಸರು ಶರಣಬಸಪ್ಪನನ್ನು ಕರೆದಾಗ ಅವಳೂ ಠಾಣೆಗೆ ಹೋಗಿ, ಊದಿದ ಬಾಯಲ್ಲಿ ಅದೇ ಮಾತು ಹೇಳಿದಳು. ಆಮೇಲೆ ಮನೀಶ್ ಬಂದ. ಹೊಡೆದದ್ದು ಭಾಯ್ ಎಂದು ಹೇಳಿಕೆ ಕೊಟ್ಟು, ಸಹಿ ಹಾಕಿದ. ಭುಜಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ಶರಣಬಸಪ್ಪನನ್ನು ಮನೆಗೆ ಕಳಿಸಿದರು. ಮನೀಶ್ ಮಾತ್ರ ಠಾಣೆಯ ಕುರ್ಚಿಯಿಂದ ಏಳಲಿಲ್ಲವಂತೆ. ಹೇಳಿಕೆಯ ಕಾಪಿ ಒಂದು ಕೊಡ್ತೀರಾ ಸಾಹೇಬ್, ಫ್ರೇಮ್ ಹಾಕಿಸಬೇಕು ಎಂದು ಕೇಳುತ್ತ ಕೂತಿದ್ದನಂತೆ.