ಸುಣ್ಣದ ಪುಡಿಯಲ್ಲಿ ಎದ್ದ ಕಚೇರಿ

ಆ ಕೆಲಸ ಬಂದಾಗ ನಾನು ಇಂಜಿನಿಯರ ಕಚೇರಿಯಲ್ಲಿ ನಕ್ಷೆ ಬರೆಯುವ ಡ್ರಾಯಿಂಗ್ ಹಾಲಿಗೆ ಸೇರಿ ಇನ್ನೂ ಹೊಸತು. ಅಲ್ಲಿ ಸೀರೆ ಉಟ್ಟುಕೊಂಡು ಬರುತ್ತಿದ್ದವಳು ನಾನೊಬ್ಬಳೇ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು, ಮೈಸೂರಿನಲ್ಲಿ ಎಲ್ಲಿ ಹೋದರೂ ಹೊಸ ಕಟ್ಟಡಗಳದೇ ಮಾತು. ಊರೊಳಗೆ ಬಾಡಿಗೆ ಮನೆಗಳಲ್ಲಿ ಹಂಚಿಹೋಗಿದ್ದ ನಾಲ್ಕು ಸರ್ಕಾರಿ ಕಚೇರಿಗಳನ್ನು ಮೇಟಗಳ್ಳಿ ಕಡೆ ಒಂದೇ ಜಾಗಕ್ಕೆ ತರಬೇಕು, ಅದಕ್ಕೆ ನಕ್ಷೆ ಮಾಡಿ ಎಂದು ನಮ್ಮ ಇಂಜಿನಿಯರಿಗೆ ಹೇಳಿದ್ದರು.

ಅವರು ಒಂದು ನಕ್ಷೆ ಮಾಡಿಯೂ ಇದ್ದರು. ಉದ್ದನೆಯ ಕಟ್ಟಡ, ಮುಂದೆ ಕಂಬಗಳ ಪೋರ್ಟಿಕೊ, ಸುತ್ತ ಕಾಂಪೌಂಡು. ಅದನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಇಳಿಸುವುದಷ್ಟೇ ನನ್ನ ಕೆಲಸ. ಆದರೆ ಜಾಗ ನೋಡದೆ ಗೆರೆ ಎಳೆಯೋಕೆ ಮನಸ್ಸು ಬರಲಿಲ್ಲ. ಒಂದು ಬೆಳಿಗ್ಗೆ ಕನ್ನಂಬಾಡಿ ರಸ್ತೆ ಹಿಡಿದು ಹೋದೆ.

ಜಾಗದ ನಡುವೆ ಒಂದು ತಗ್ಗು, ಅದರ ತುಂಬ ಹೊಂಗೆ ಮರಗಳು. ಹೂ ಬಿಟ್ಟಿದ್ದ ಕಾಲ. ನೆಲವೆಲ್ಲ ಹೊದ್ದಿಸಿದ ಹಾಗೆ ಹೂವು. ಮರಗಳ ಮಧ್ಯೆ ಒಂದು ಕಾಲುದಾರಿ. ಹಳ್ಳಿಗಳಿಂದ ಪೇಟೆಗೆ ಹೊರಟವರು ಅಲ್ಲಿ ಕುಕ್ಕೆ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು, ನಾಲ್ಕು ಮಾತಾಡಿ ಎದ್ದು ಹೋಗುತ್ತಿದ್ದರು. ನಮ್ಮ ಅಪ್ಪನೂ ಕಚೇರಿ ಕೆಲಸಕ್ಕೆಂದು ಊರಿಂದ ಬಂದಾಗ ಹೀಗೇ ಎಲ್ಲೋ ನೆರಳು ಹುಡುಕಿಕೊಂಡು ಕೂರುತ್ತಿದ್ದ. ಕಚೇರಿಯ ಬಾಗಿಲಲ್ಲಿ ಮಾತ್ರ ಅವನಿಗೆ ನೆರಳು ಸಿಕ್ಕಿದ್ದು ನಾನು ಕಾಣೆ. ನಕ್ಷೆ ಬಿಚ್ಚಿ ನೋಡಿದರೆ ಪೋರ್ಟಿಕೊ ಸರಿಯಾಗಿ ಆ ತೋಪಿನ ಮೇಲೆಯೇ ಕೂತಿತ್ತು.

ವಾಪಸು ಬಂದವಳೇ ಬೇರೆ ಹಾಳೆ ತೆಗೆದೆ. ಒಂದು ದೊಡ್ಡ ಕಟ್ಟಡದ ಬದಲು ತೋಪಿನ ಸುತ್ತ ನಾಲ್ಕು ಸಣ್ಣ ಕಟ್ಟಡ. ಒಂದರಿಂದ ಒಂದಕ್ಕೆ ಹೆಂಚಿನ ಪಡಸಾಲೆ, ಅದರುದ್ದಕ್ಕೂ ಕೂರಲು ಜಗಲಿ. ಕಾಲುದಾರಿ ಇದ್ದ ಹಾಗೇ ನಡುವೆ ಹಾದುಹೋಗಬೇಕು. ಕಾಂಪೌಂಡೇ ಇಲ್ಲ. ಕೈ ನಿಲ್ಲಲೇ ಇಲ್ಲ. ಊಟದ ಡಬ್ಬಿ ಬಿಚ್ಚುವುದನ್ನೂ ಮರೆತಿದ್ದೆ.

ಇಂಜಿನಿಯರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದು ಕಚೇರಿಯೋ ತೋಪೋ?"

"ಎರಡೂ, ಸಾರ್."

ಬೆರಳಿನಿಂದ ಕಾಲುದಾರಿಯ ಗೆರೆ ಸವರಿ ನೋಡಿದರು. "ನನ್ನದಕ್ಕಿಂತ ಚೆನ್ನಾಗಿದೆ ಕಣಮ್ಮ. ಆದರೆ ಮೇಲಿನವರು ಕಾಗದ ನೋಡಿ ಇದನ್ನ ಒಪ್ಪೋದಿಲ್ಲ. ಸೋಮವಾರ ಆ ಕಚೇರಿಗಳ ದೊಡ್ಡ ಸಾಹೇಬರು ಜಾಗ ನೋಡೋಕೆ ಬರ್ತಾರೆ. ಅವರ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಮಾಡಿದ್ರೆ ನಾನು ನಿನ್ನ ಪರ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಯೋಚನೆ. ಅಣ್ಣನ ಮನೆಯಿದ್ದ ವಠಾರದ ಬಾಗಿಲಿಗೆ ಬರುವಷ್ಟರಲ್ಲಿ ಹೊಳೆಯಿತು: ಕಟ್ಟಡವನ್ನು ನೆಲದ ಮೇಲೇ, ಅದರ ನಿಜವಾದ ಅಳತೆಯಲ್ಲೇ ಬರೆದುಬಿಟ್ಟರೆ? ಅಡುಗೆಮನೆಯಲ್ಲಿದ್ದ ಅತ್ತಿಗೆಗೆ ಉಸಿರು ಬಿಡದೆ ಹೇಳಿದೆ. ಅವರು ಸೌಟು ಹಿಡಿದುಕೊಂಡೇ ನಕ್ಕರು.

"ಅಷ್ಟೇ ತಾನೆ? ಅಳತೆ ನೀನು ಹಿಡಿ, ಎಳೆಯೋದು ನಮಗೆ ಬುಡು. ಅಷ್ಟು ದೊಡ್ಡ ರಂಗೋಲೆ ಯಾವತ್ತು ಹಾಕೋಕಾಯ್ತದೆ, ಯೋಳು!"

ಭಾನುವಾರ ಅತ್ತಿಗೆ ವಠಾರದ ಹೆಂಗಸರನ್ನೆಲ್ಲ ಹೊರಡಿಸಿಬಿಟ್ಟರು. ಎರಡು ಜಟಕಾ ಗಾಡಿ, ಸುಣ್ಣದ ಪುಡಿಯ ಮೂಟೆ, ಡಬರಿ ತುಂಬ ಚಿತ್ರಾನ್ನ. ನಾನು ಟೇಪು ಹಿಡಿದು ಗೂಟ ಹೊಡೆದು ದಾರ ಕಟ್ಟುತ್ತಾ ಹೋದೆ. ಹಿಂದೆಯೇ ಅವರು ಸೆರಗು ಸಿಕ್ಕಿಸಿಕೊಂಡು ಪುಡಿ ಬಿಡುತ್ತಾ ಬಂದರು. ಬಾಗಿಲು ಇರುವಲ್ಲಿ ಗೆರೆ ಎಳೆಯದೆ ಜಾಗ ಬಿಟ್ಟರು. ಕಿಟಕಿಗಳಿಗೆ ಯಾರೋ ಹೂವನ್ನೂ ಬಿಡಿಸಿದರು, ನಾನು ಅಳಿಸಲಿಲ್ಲ. ಮಧ್ಯಾಹ್ನ ಹೊತ್ತು ಇಳಿದ ಮೇಲೆ ಚಿತ್ರಾನ್ನ ತಿನ್ನೋಣ ಎಂದು ಪಡುವಣದ ಜಗಲಿಯ ಗೆರೆಯ ಮೇಲೆ ಕೂತರೆ ಬಿಸಿಲು ನೇರ ಮುಖಕ್ಕೇ ಹೊಡೆಯಿತು. ಕಾಗದದ ಮೇಲೆ ಇದು ನನಗೆ ತೋಚಿರಲೇ ಇಲ್ಲ. ಊಟ ಮುಗಿಸಿ ಆ ಜಗಲಿಯನ್ನೇ ಅಳಿಸಿ ಮರದ ಮಗ್ಗುಲಿಗೆ ತಂದೆವು. ಸಂಜೆ ಹೊತ್ತಿಗೆ ಇಡೀ ಕಚೇರಿ ಬೆಳ್ಳಗೆ ನೆಲದ ಮೇಲೆ ಬಿದ್ದಿತ್ತು. ನನ್ನ ಪೆನ್ಸಿಲ್ ಗೆರೆಗಳೊಳಗೆ ನಾನೇ ಓಡಾಡುತ್ತಿದ್ದೆ! ಒಂದು ಕೋಣೆಯಿಂದ ಇನ್ನೊಂದಕ್ಕೆ ಹುಚ್ಚಿಯ ಹಾಗೆ ಹೋಗಿ ಬಂದೆ.

ಸೋಮವಾರ ದೊಡ್ಡ ಸಾಹೇಬರು ಜೀಪಿನಿಂದ ಇಳಿಯುವ ಮೊದಲೇ ಪೇಟೆಗೆ ಹೊರಟ ಜನ ಅಲ್ಲಿ ಸೇರಿದ್ದರು. ಯಾವುದು ಗೋಡೆ, ಯಾವುದು ಬಾಗಿಲು ಎಂದು ನನ್ನಿಂದ ಕೇಳಿಕೊಂಡು ಅವರು ನಮ್ಮ ಜಗಲಿಗಳ ಮೇಲೇ ಕೂತು, ನಮ್ಮ ಬಾಗಿಲುಗಳಲ್ಲೇ ತಿರುಗಾಡುತ್ತಿದ್ದರು. ಸಾಹೇಬರು ಗೆರೆಯನ್ನು ಗಮನಿಸದೆ ನೇರ ಒಳಗೆ ಕಾಲಿಟ್ಟರು. ಬದನೆಕಾಯಿ ಕುಕ್ಕೆ ಇಳಿಸಿ ಕೂತಿದ್ದ ಅಜ್ಜಿಯೊಬ್ಬಳು ಕೂಗಿಕೊಂಡಳು:

"ಅಯ್ ಸ್ವಾಮೀ, ಗ್ವಾಡೆ ತುಳೀಬ್ಯಾಡಿ ಕಣ್ರೀ! ಬಾಗ್ಲು ಆ ಕಡೆ ಅದೆ!"

ಸಾಹೇಬರು ಕಾಲ ಕೆಳಗೆ ನೋಡಿದರು, ಅಜ್ಜಿಯನ್ನು ನೋಡಿದರು. ಆಮೇಲೆ ಹಿಂದಕ್ಕೆ ಬಂದು, ಸುತ್ತು ಹಾಕಿ ಬಾಗಿಲಿನಿಂದಲೇ ಒಳಗೆ ಹೋದರು. ನಾನು ಜೋರಾಗಿ ನಕ್ಕುಬಿಟ್ಟೆ. ಅವರಿಗೂ ನಗು ಬಂತು.

"ಬನ್ನಿ," ಎಂದು ನನ್ನನ್ನು ಕರೆದರು. "ನನ್ನ ಕೋಣೆ ಎಲ್ಲಿ, ತೋರಿಸಿ."

ಎಲ್ಲವನ್ನೂ ಅವರು ಒಪ್ಪಲಿಲ್ಲ. ದಾಖಲೆಗಳ ಕೋಣೆಯ ಕಡೆ ಗಟ್ಟಿ ಕಾಂಪೌಂಡು ಗೋಡೆ ಬೇಕೇ ಬೇಕು ಎಂದರು. ಜೀಪು ತಿರುಗಿಸಲು ಜಾಗ ಸಾಲದೆ ಎರಡು ಹೊಂಗೆ ಮರ ಬಿಟ್ಟುಕೊಡಬೇಕಾಯಿತು. ನಾನು ಎಷ್ಟು ವಾದಿಸಿದರೂ ಆಗಲಿಲ್ಲ. ಆದರೆ ಉಳಿದ ತೋಪು ಉಳಿಯಿತು, ದಾರಿಯೂ ಉಳಿಯಿತು. ಜೀಪು ರಸ್ತೆ ಸೇರುತ್ತಿದ್ದ ಹಾಗೆ ಇಂಜಿನಿಯರು ತಮ್ಮ ಹ್ಯಾಟು ತೆಗೆದು ಮೇಲಕ್ಕೆಸೆದರು. ಅವರಿಗೆ ಆಗ ಐವತ್ತು ದಾಟಿತ್ತು.

ಕಚೇರಿ ತೆರೆದ ದಿನ ನಾನು ರಜೆ ಹಾಕಿ ಹೋದೆ. ಗುಮಾಸ್ತರು ಕಡತಗಳ ಗಂಟು ಹೊತ್ತು ಮರಗಳ ನಡುವೆ ಹಾದುಹೋಗುತ್ತಿದ್ದರು. ಒಬ್ಬ ಹೆಂಗಸು ಅರ್ಜಿ ಕೊಡಲು ಬಂದವಳು ಬಾಗಿದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿದ್ದಳು. ಜವಾನ ಅದನ್ನು ಬಿಚ್ಚಿಸಲು ಹೋದ.

"ಇದು ಸರ್ಕಾರಿ ಜಾಗ ಕಣಮ್ಮ!"

"ಇರಲಿ ಬಿಡಿ," ಎಂದೆ ನಾನು. "ಅದಕ್ಕೇ ಮಾಡಿರೋದು."

ನೀವ್ಯಾರು ಎಂದೂ ಕೇಳದೆ ಅವನು ಜೋಲಿಯ ಗಂಟು ಬಿಟ್ಟು ಹೋದ. ಆ ಹೆಂಗಸು ಸರದಿಯಲ್ಲಿ ನಿಲ್ಲಲು ಪಡಸಾಲೆಗೆ ಹೋದಳು. ಅವಳು ಬರುವವರೆಗೂ ನಾನು ಜೋಲಿ ತೂಗುತ್ತಾ ನಿಂತಿದ್ದೆ.